ರುಡಾಲ್ಫ್ ಡೀಸೆಲ್: ಬಾಳಿಕೆಯ ಎಂಜಿನ್ನಿನ ಹಿಂದಿನ ಬಾಳು

ತಾಳವಾಡಿಯ ಎಲೆಕೋಸು, ಹೊಸೂರಿನ ಹೂವು, ಜತ್ತದ ದಾಳಿಂಬೆ, ಕಾಸರಗೋಡಿನ ಅಡಕೆ ಇವೆಲ್ಲವೂ ಇಂದು ಮಾರುಕಟ್ಟೆಯನ್ನು ಸೇರುವುದು ಪಿಕಪ್ ವಾಹನದಲ್ಲಿ. ಆ ವಾಹನದ ಇಂಧನ ತೊಟ್ಟಿಯ ಮುಚ್ಚಳದ ಮೇಲಿರುವ ಡೀಸೆಲ್ ಎಂಬ ಪದವನ್ನು ನಮ್ಮ ಮಕ್ಕಳು ನಿತ್ಯವೂ ಓದುತ್ತಾರೆ. ಅದು ಒಬ್ಬ ಮನುಷ್ಯನ ಮನೆತನದ ಹೆಸರೆಂಬುದು ಹತ್ತನೆಯ ತರಗತಿಯ ಮಕ್ಕಳಲ್ಲಿಯೂ ಹಲವರಿಗೆ ತಿಳಿದಿರುವುದಿಲ್ಲ. ಪೆಟ್ರೋಲ್ ಗಾಡಿಯೋ ಡೀಸೆಲ್ ಗಾಡಿಯೋ, ಯಾವುದು ಹೆಚ್ಚು ಕಾಲ ಬಾಳುತ್ತದೆ, ಯಾವುದು ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ಪ್ರಶ್ನೆ ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಅನೇಕ ಮನೆಗಳಲ್ಲಿ ಏಳುತ್ತದೆ. ಆ ಪ್ರಶ್ನೆಯ ಉತ್ತರಕ್ಕೂ ಆ ಹೆಸರಿನ ಮನುಷ್ಯನ ಜೀವನಕ್ಕೂ ನಿಕಟವಾದ ನಂಟಿದೆ ಎಂದು ನಾವು ತಿಳಿದಿದ್ದೇವೆ. ಆದುದರಿಂದ ಈ ಚರಿತ್ರೆಯನ್ನು ಮನೆಯ ಹಿರಿಯರೂ ಮಕ್ಕಳೂ ಕೂಡಿ ಓದಲೆಂದು ಇಲ್ಲಿ ನಿರೂಪಿಸುತ್ತಿದ್ದೇವೆ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸಿನ ರಾಜಧಾನಿ ಪ್ಯಾರಿಸ್ ನಗರದಲ್ಲಿ. ಆದರೆ ಮನೆಯವರು ಫ್ರೆಂಚರಲ್ಲ. ತಂದೆ ಥಿಯೋಡೋರ್ ಬವೇರಿಯ ಪ್ರಾಂತದ ಆಗ್ಸ್‌ಬರ್ಗ್ ನಗರದಿಂದ ವಲಸೆ ಬಂದವನು. ಪುಸ್ತಕಗಳಿಗೆ ರಟ್ಟು ಕಟ್ಟುವ ವೃತ್ತಿಯನ್ನು ಕಲಿತು, ಬಳಿಕ ಚರ್ಮದ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದವನು. ತಾಯಿ ಎಲಿಸ್ ನ್ಯೂರೆಂಬರ್ಗಿನವಳು. ಮೂವರು ಮಕ್ಕಳಲ್ಲಿ ರುಡಾಲ್ಫ್ ಎರಡನೆಯವನು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಇನ್ನೊಂದು ಭಾಷೆ. ಈ ಬಗೆಯ ಬಾಲ್ಯವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಹುಡುಗನು ತಂದೆ ತಯಾರಿಸಿದ ಸಾಮಾನುಗಳನ್ನು ಕೈಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ಮುಟ್ಟಿಸುತ್ತಿದ್ದನು. ಬಿಡುವು ದೊರೆತಾಗ ನಗರದ ಯಂತ್ರಕಲೆಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿದ್ದ ಯಂತ್ರಗಳ ಚಿತ್ರಗಳನ್ನು ಬರೆಯುತ್ತಿದ್ದನು. ಓದಿನಲ್ಲಿ ಚುರುಕು, ಹನ್ನೆರಡನೆಯ ವಯಸ್ಸಿಗೆ ಕಂಚಿನ ಪದಕವನ್ನು ಪಡೆದನು. ಅದೇ ವರ್ಷ, ಎಂದರೆ 1870ರಲ್ಲಿ, ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿತು. ಪ್ಯಾರಿಸಿನಲ್ಲಿದ್ದ ಜರ್ಮನ್ ಮನೆಗಳು ಒಂದೇ ದಿನದಲ್ಲಿ ಶತ್ರುಗಳ ಮನೆಗಳಾದವು. ಡೀಸೆಲ್ ಕುಟುಂಬವು ಮನೆ ಅಂಗಡಿಗಳನ್ನು ಬಿಟ್ಟು ಲಂಡನ್ನಿಗೆ ಹೊರಡಬೇಕಾಯಿತು. ಅಲ್ಲಿ ಬಡತನ ಇನ್ನಷ್ಟು ಬಿಗಿಯಾದಾಗ ತಾಯಿಯು ಈ ಹುಡುಗನನ್ನು ಆಗ್ಸ್‌ಬರ್ಗಿನ ಬಂಧುಗಳಾದ ಬಾರ್ನಿಕಲ್ ದಂಪತಿಗಳ ಮನೆಗೆ ಕಳುಹಿಸಿದಳು. ಮನೆಯೊಡೆಯ ಕ್ರಿಸ್ಟೋಫ್ ಬಾರ್ನಿಕಲ್ ಆ ಊರಿನ ವೃತ್ತಿಶಿಕ್ಷಣ ಶಾಲೆಯಲ್ಲಿ ಗಣಿತದ ಅಧ್ಯಾಪಕರು. ಹುಡುಗನು ಅದೇ ಶಾಲೆಯನ್ನು ಸೇರಿದನು. ಎರಡು ವರ್ಷಗಳ ಬಳಿಕ, ತಾನು ಎಂಜಿನಿಯರ್ ಆಗುವುದಾಗಿ ಹೆತ್ತವರಿಗೆ ಪತ್ರ ಬರೆದನು. ಅವರಿಗಾದರೋ ಮಗನು ಬೇಗನೆ ದುಡಿಮೆಗೆ ಸೇರಬೇಕೆಂಬ ಆಸೆ. 1875ರಲ್ಲಿ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸಂಸ್ಥೆಯು ವಿದ್ಯಾರ್ಥಿವೇತನ ನೀಡಿದಾಗ ಅವನು ಅವರ ಮಾತನ್ನು ಮೀರಿ ಅದನ್ನು ಸ್ವೀಕರಿಸಿದನು.

ಮ್ಯೂನಿಕ್ಕಿನಲ್ಲಿ ಅವನಿಗೆ ದೊರೆತ ಗುರುಗಳು ಕಾರ್ಲ್ ಫಾನ್ ಲಿಂಡೆ. ಶೈತ್ಯಯಂತ್ರಗಳ ಇತಿಹಾಸದಲ್ಲಿ ಇವರದು ದೊಡ್ಡ ಹೆಸರು. ಅಂದಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನೂ ಕೆಲಸವನ್ನಾಗಿ ಮಾರ್ಪಡಿಸುವುದಿಲ್ಲವೆಂದೂ, 1824ರಲ್ಲಿ ಸಾದಿ ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರ್ ತೋರಿಸಿದ ಆದರ್ಶ ಯಂತ್ರವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡಬಲ್ಲದೆಂದೂ ಲಿಂಡೆ ಪಾಠ ಹೇಳಿದರು. ಮಿಕ್ಕ ವಿದ್ಯಾರ್ಥಿಗಳಿಗೆ ಅದು ಪರೀಕ್ಷೆಯ ಒಂದು ಪ್ರಶ್ನೆ. ಡೀಸೆಲ್‌ನಿಗೆ ಅದು ಬಾಳಿನ ಗೀಳಾಯಿತು. 1879ರಲ್ಲಿ ವಿಷಮಶೀತ ಜ್ವರದಿಂದಾಗಿ ಪರೀಕ್ಷೆ ತಪ್ಪಿತು. ಮರುಪರೀಕ್ಷೆಯವರೆಗಿನ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್ತೂರಿನಲ್ಲಿದ್ದ ಸುಲ್ಜರ್ ಯಂತ್ರಾಗಾರದಲ್ಲಿ ಕೈಕೆಲಸ ಕಲಿತು, 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು.

ಮುಂದಿನ ಹತ್ತು ವರ್ಷಗಳನ್ನು ಬೇಗನೆ ಹೇಳಿ ಮುಗಿಸಬಹುದು. ಡೀಸೆಲ್ ಅವರು ಪ್ಯಾರಿಸಿಗೆ ಮರಳಿ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯನ್ನು ಕಟ್ಟಲು ನೆರವಾದರು, ಒಂದು ವರ್ಷದಲ್ಲೇ ಅದರ ನಿರ್ದೇಶಕರಾದರು. 1883ರಲ್ಲಿ ಮಾರ್ತಾ ಫ್ಲಾಷೆ ಅವರನ್ನು ವಿವಾಹವಾದರು; ಮೂವರು ಮಕ್ಕಳಾದರು. 1890ರಲ್ಲಿ ಸಂಸಾರ ಬರ್ಲಿನ್ನಿಗೆ ಸಾಗಿತು. ಈ ನಡುವೆ ಉಗಿಗೆ ಬದಲಾಗಿ ಅಮೋನಿಯದ ಆವಿಯಿಂದ ಯಂತ್ರವನ್ನು ನಡೆಸುವ ಪ್ರಯೋಗದಲ್ಲಿ ಸ್ಫೋಟವಾಗಿ, ಅವರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ದೃಷ್ಟಿಯ ತೊಂದರೆ ಕೊನೆಯವರೆಗೂ ಉಳಿಯಿತು.

ಅಮೋನಿಯವನ್ನು ಕೈಬಿಟ್ಟ ಬಳಿಕ ಅವರಿಗೆ ಹೊಳೆದ ದಾರಿಯನ್ನು ಮಕ್ಕಳು ಸೈಕಲ್ ಪಂಪಿನಿಂದಲೇ ಅರಿಯಬಹುದು. ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಅದುಮಿದಷ್ಟೂ ಅದು ಕಾಯುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಎಂಟರಲ್ಲಿ ಅಥವಾ ಹನ್ನೊಂದರಲ್ಲಿ ಒಂದು ಪಾಲಿಗೆ ಅದುಮಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಅದಕ್ಕಿಂತ ಹೆಚ್ಚು ಅದುಮಿದರೆ ಮಿಶ್ರಣವು ಕಿಡಿಗೆ ಕಾಯದೆ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ನನ್ನು ಬಡಿಯುತ್ತದೆ. ಡೀಸೆಲ್ ಅವರು ಇಂಧನವನ್ನು ಹೊರಗಿಟ್ಟು, ಬರಿಯ ಗಾಳಿಯನ್ನಷ್ಟೇ ಸಿಲಿಂಡರಿನಲ್ಲಿ ಅದುಮಲು ಯೋಚಿಸಿದರು. ಇಂದಿನ ಡೀಸೆಲ್ ಎಂಜಿನ್ನುಗಳು ಗಾಳಿಯನ್ನು ಹದಿನೈದರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಅದುಮುತ್ತವೆ. ಆಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಅದರೊಳಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಕಿಡಿಯ ಹಂಗಿಲ್ಲದೆ ತಾನಾಗಿ ಉರಿಯುತ್ತದೆ.

ಇಷ್ಟನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಪೇಟೆಂಟ್ 1893ರ ಫೆಬ್ರವರಿಯಲ್ಲಿ ದೊರೆಯಿತು. ಅದೇ ವರ್ಷ ತಮ್ಮ ಸಿದ್ಧಾಂತವನ್ನು ಒಂದು ಪುಸ್ತಕವಾಗಿ ಪ್ರಕಟಿಸಿದರು. ಕಾಗದದ ಮೇಲೆ ಅವರು ಲೆಕ್ಕ ಹಾಕಿದ ಒತ್ತಡ ವಾತಾವರಣದ ಒತ್ತಡದ 250 ಪಟ್ಟು. ಅಂದಿನ ಯಾವ ಎರಕದ ಕಬ್ಬಿಣವೂ ಅದನ್ನು ತಾಳುವಂತಿರಲಿಲ್ಲ. ಸಿದ್ಧಾಂತದಲ್ಲಿಯೂ ಒಂದು ದೋಷವಿತ್ತು: ಪೇಟೆಂಟಿನಲ್ಲಿ ವಿವರಿಸಿದಂತೆ ಉಷ್ಣತೆ ಏರದ ಹಾಗೆ ಇಂಧನವನ್ನು ಉರಿಸಿದರೆ ಯಂತ್ರವು ತನ್ನನ್ನು ತಾನೇ ತಿರುಗಿಸಿಕೊಳ್ಳಲೂ ಸಾಲದು. ಅವರು ಸದ್ದಿಲ್ಲದೆ ಅದನ್ನು ತಿದ್ದಿಕೊಂಡು ಇನ್ನೊಂದು ಪೇಟೆಂಟ್ ಪಡೆದರು. ಒತ್ತಡವನ್ನು ಕೊನೆಗೆ 30 ಪಟ್ಟಿನ ಆಸುಪಾಸಿಗೆ ಇಳಿಸಿದರು. ಆಗ್ಸ್‌ಬರ್ಗಿನ ಯಂತ್ರಾಗಾರದ ಮುಖ್ಯಸ್ಥ ಹೈನ್ರಿಕ್ ಫಾನ್ ಬುಜ್ ಮತ್ತು ಉಕ್ಕಿನ ಉದ್ಯಮಿಗಳಾದ ಕ್ರುಪ್ ಸಂಸ್ಥೆಯವರು ಈ ತರುಣನನ್ನು ನಂಬಿ ಹಣ ಹೂಡಿದರು.

1893ರ ಆಗಸ್ಟ್ 10ರಂದು ಮೊದಲ ಯಂತ್ರದಲ್ಲಿ ಬೆಂಕಿ ಹೊತ್ತಿತು. ಆ ದಿನ ಬಳಸಿದ ಇಂಧನ ಯಾವುದೆಂದು ಕೇಳಿದರೆ ಪಿಕಪ್ ಮಾಲೀಕರಿಗೆ ನಗು ಬಂದೀತು: ಪೆಟ್ರೋಲ್! ಒತ್ತಡವನ್ನು ಅಳೆಯುವ ಉಪಕರಣವು ಸಿಡಿದು ಹಾರಿಹೋಯಿತು. ಯಂತ್ರವು ಓಡಲಿಲ್ಲ, ಆದರೆ ಅದುಮಿದ ಗಾಳಿಯಲ್ಲಿ ಇಂಧನವು ತಾನಾಗಿ ಉರಿಯುತ್ತದೆ ಎಂಬುದು ರುಜುವಾತಾಯಿತು. ತಿದ್ದಿ ಕಟ್ಟಿದ ಯಂತ್ರ 1894ರ ಫೆಬ್ರವರಿ 17ರಂದು ಸ್ವಂತ ಬಲದಿಂದ 88 ಸುತ್ತು ತಿರುಗಿತು, ಸುಮಾರು ಒಂದು ನಿಮಿಷ. ಆ ಒಂದು ನಿಮಿಷದಿಂದ ನಂಬಿಕೆಗೆ ಅರ್ಹವಾದ ಯಂತ್ರದವರೆಗೆ ಇನ್ನೂ ಮೂರು ವರ್ಷ ಹಿಡಿಯಿತು. 1897ರ ಫೆಬ್ರವರಿ 17ರಂದು ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅವರು ನಡೆಸಿದ ಅಧಿಕೃತ ಪರೀಕ್ಷೆಯಲ್ಲಿ ನಿಮಿಷಕ್ಕೆ 154 ಸುತ್ತು ತಿರುಗುತ್ತ, 17.8 ಅಶ್ವಶಕ್ತಿಯನ್ನು ಕೊಡುತ್ತ, ಇಂಧನದ ಶಾಖದ 26.2 ಶೇಕಡಾ ಪಾಲನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಜಗತ್ತಿನ ಬೇರಾವ ಎಂಜಿನ್ನೂ ಆಗ ಅದರ ಸಮೀಪಕ್ಕೆ ಬರುತ್ತಿರಲಿಲ್ಲ.

ಡೀಸೆಲ್ ಎಂಜಿನ್ನಿನ ದೀರ್ಘಾಯುಷ್ಯದ ಮೂಲವು ಈ ಒತ್ತಡದಲ್ಲಿಯೇ ಇದೆ. ಅಷ್ಟು ಒತ್ತಡವನ್ನು ತಾಳಬೇಕಾದರೆ ಸಿಲಿಂಡರಿನ ಗೋಡೆ, ಪಿಸ್ಟನ್, ಕ್ರ್ಯಾಂಕ್ ಶಾಫ್ಟ್, ಬೇರಿಂಗ್ ಎಲ್ಲವನ್ನೂ ದಪ್ಪವಾಗಿ, ಗಟ್ಟಿಯಾಗಿ ಮಾಡಲೇಬೇಕು. ಭಾರವಾದ ಅಂಗಗಳು ಬಹಳ ವೇಗವಾಗಿ ತಿರುಗಲಾರವು. ನಿಧಾನವಾಗಿ ತಿರುಗುವುದು ಒಂದು ಕಿಲೋಮೀಟರಿಗೆ ಕಡಿಮೆ ಸುತ್ತು, ಎಂದರೆ ಕಡಿಮೆ ಸವೆತ. ಡೀಸೆಲ್ ಎಣ್ಣೆಗೆ ತಕ್ಕಮಟ್ಟಿನ ಜಿಡ್ಡಿನ ಗುಣವಿದೆ. ಪೆಟ್ರೋಲ್ ಹಾಗಲ್ಲ, ತಣ್ಣಗಿರುವ ಎಂಜಿನ್ನನ್ನು ಹೊತ್ತಿಸುವಾಗ ಅದು ಸಿಲಿಂಡರಿನ ಗೋಡೆಗಂಟಿದ ಎಂಜಿನ್ ಆಯಿಲನ್ನೇ ತೊಳೆದುಬಿಡುತ್ತದೆ. ಪೆಟ್ರೋಲ್ ಎಂಜಿನ್ನಿಗೆ ತಾನಾಗಿ ಬಾರದ ಬಲವನ್ನು ಡೀಸೆಲ್ಲಿಗೆ ಅದರ ಹುಟ್ಟೇ ಬಲವಂತವಾಗಿ ಕೊಟ್ಟಿದೆ ಎನ್ನಬೇಕು.

ಹೀಗಿದ್ದರೂ ಡೀಸೆಲ್ ಅವರ ಎಂಜಿನ್ ಮೊದಲ ವರ್ಷಗಳಲ್ಲಿ ಗಳಿಸಿದ್ದು ಕೆಟ್ಟ ಹೆಸರನ್ನೇ. ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಹಣವು ಹೊಳೆಯಂತೆ ಹರಿಯಿತು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟು ತನ್ನ ದೇಶದ ಹಕ್ಕನ್ನು ಕೊಂಡರು. ರಷ್ಯದಲ್ಲಿ ಎಮಾನುಯೆಲ್ ನೊಬೆಲ್ ಹಕ್ಕು ಪಡೆದರು. 1898ರಲ್ಲಿ ಸ್ಥಾಪನೆಯಾದ ಒಂದು ದೊಡ್ಡ ಕಂಪನಿಗೆ ಡೀಸೆಲ್ ಅವರು ತಮ್ಮ ಹಕ್ಕುಗಳನ್ನು 35 ಲಕ್ಷ ಮಾರ್ಕುಗಳಿಗೆ ಒಪ್ಪಿಸಿದರು. ನಲವತ್ತನೆಯ ವಯಸ್ಸಿಗೆ ಕೋಟ್ಯಧೀಶರ ಸಾಲಿಗೆ ಸೇರಿ, ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆಯನ್ನು ಕಟ್ಟಿಸಿದರು. ಆದರೆ ಪ್ರಯೋಗಶಾಲೆಯಲ್ಲಿ ಪರಿಣತರ ಕಣ್ಗಾವಲಿನಲ್ಲಿ ಓಡಿದ ಯಂತ್ರವೇ ಬೇರೆ, ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರನ ಕೈಯಲ್ಲಿ ದಿನವೂ ಓಡಬೇಕಾದ ಯಂತ್ರವೇ ಬೇರೆ. ಕೆಂಪ್ಟನ್ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ ಕಳುಹಿಸಿದ 60 ಅಶ್ವಶಕ್ತಿಯ ಎಂಜಿನ್ ತೊಂದರೆಯ ಮೇಲೆ ತೊಂದರೆ ಕೊಟ್ಟಿತು. ಆಗ್ಸ್‌ಬರ್ಗಿನಲ್ಲಿ ಡೀಸೆಲ್ ಎಂಜಿನ್ನುಗಳಿಗಾಗಿಯೇ ಆರಂಭವಾದ ಕಾರ್ಖಾನೆಯು ಗಿರಾಕಿಗಳ ದೂರುಗಳಲ್ಲಿ ಮುಳುಗಿ, ಕೆಲವೇ ವರ್ಷಗಳಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅದರೊಡನೆ ಪೇಟೆಂಟ್ ದಾವೆಗಳು, ಎದುರಾಳಿಗಳ ಟೀಕೆಗಳು. 1898ರಲ್ಲಿ ಡೀಸೆಲ್ ಅವರ ನರಗಳು ಸೋತು ಆರೋಗ್ಯಧಾಮವನ್ನು ಸೇರಬೇಕಾಯಿತು. ಎಂಜಿನ್ನನ್ನು ನಿಜವಾಗಿ ನಂಬಿಗಸ್ತವಾಗಿಸಿದವರು ಇಮ್ಯಾನುಯೆಲ್ ಲೌಸ್ಟರ್ ಅವರಂಥ ಆಗ್ಸ್‌ಬರ್ಗಿನ ಎಂಜಿನಿಯರರು. ಅವರು ವಾಲ್ವು, ಪಂಪು, ನಳಿಗೆಗಳನ್ನು ಒಂದೊಂದಾಗಿ ವರ್ಷಗಳ ಕಾಲ ತಿದ್ದಿದರು. ಚರಿತ್ರೆಯು ಅವರ ಹೆಸರನ್ನು ಯಾವ ತೊಟ್ಟಿಯ ಮುಚ್ಚಳದ ಮೇಲೂ ಬರೆಯಲಿಲ್ಲ. ಇದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಕಾಲಕ್ರಮವನ್ನು ತುಸು ಬದಿಗಿಟ್ಟು ಎಂಬತ್ತು ವರ್ಷ ಮುಂದಕ್ಕೆ, ಅಮೆರಿಕಕ್ಕೆ ಹೋಗಬೇಕಾಗಿದೆ. ಪಿಕಪ್ ವಾಹನದ ತವರು ಆ ದೇಶವೇ. ಅಲ್ಲಿನವರು ಪೆಟ್ರೋಲನ್ನು ಗ್ಯಾಸ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಗ್ಯಾಸ್ ಅದಲ್ಲ. ಪಿಕಪ್ಪಿಗೆ ಗ್ಯಾಸ್ ಎಂಜಿನ್ ಮೇಲೋ ಡೀಸೆಲ್ ಎಂಜಿನ್ ಮೇಲೋ ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. ತೈಲದ ಬೆಲೆ ಏರಿದ ಕಾಲದಲ್ಲಿ ಜನರಲ್ ಮೋಟರ್ಸ್ ಕಂಪನಿಯು ತನ್ನ ಓಲ್ಡ್ಸ್‌ಮೊಬೈಲ್ ವಿಭಾಗ ರೂಪಿಸಿದ 5.7 ಲೀಟರಿನ ಡೀಸೆಲ್ ಎಂಜಿನ್ನನ್ನು 1978ರಲ್ಲಿ ಕಾರುಗಳಿಗೂ ಪಿಕಪ್ಪುಗಳಿಗೂ ಕೂಡಿಸಿತು. ಹಳೆಯ ಪೆಟ್ರೋಲ್ ಎಂಜಿನ್ನಿನ ಕಾರ್ಖಾನೆಯ ಸಲಕರಣೆಗಳಲ್ಲಿಯೇ ತಯಾರಾಗಬೇಕೆಂದು ಅದರ ಅಳತೆಗಳನ್ನು ಇರಿಸಲಾಗಿತ್ತು. ಬ್ಲಾಕನ್ನೇನೋ ಬಲಪಡಿಸಿದರು. ಆದರೆ ಸಿಲಿಂಡರ್ ಹೆಡ್ಡನ್ನು ಬಿಗಿಯುವ ಬೋಲ್ಟುಗಳ ವ್ಯವಸ್ಥೆ ಪೆಟ್ರೋಲ್ ಎಂಜಿನ್ನಿನದೇ ಉಳಿಯಿತು. ಇಪ್ಪತ್ತೆರಡಕ್ಕೂ ಮೀರಿದ ಸಂಪೀಡನದ ಅನುಪಾತಕ್ಕೆ ಆ ಬೋಲ್ಟುಗಳು ಹಿಗ್ಗಿದವು, ಮುರಿದವು. ಗ್ಯಾಸ್ಕೆಟ್ ಬಿಟ್ಟು ತಂಪು ನೀರು ಸಿಲಿಂಡರಿನೊಳಕ್ಕೆ ನುಗ್ಗಿತು. ಇಂಧನದಲ್ಲಿರುವ ನೀರನ್ನು ಬೇರ್ಪಡಿಸುವ ಸಾಧನವನ್ನೂ ಅಳವಡಿಸಿರಲಿಲ್ಲ. ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. 1985ರಲ್ಲಿ ಆ ಎಂಜಿನ್ನಿನ ಕಥೆ ಮುಗಿಯಿತು. ಡೀಸೆಲ್ ಎಂದರೆ ಕೆಟ್ಟುಹೋಗುವ ಎಂಜಿನ್ ಎಂಬ ಭಾವನೆ ಮಾತ್ರ ಅಮೆರಿಕದ ಮನೆಗಳಲ್ಲಿ ಬಹುಕಾಲ ಉಳಿಯಿತು.

ಅದಕ್ಕೆ ಎದುರಾದ ಇನ್ನೊಂದು ನಿದರ್ಶನ 1989ರದು. ಡಾಜ್ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ, ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್ನನ್ನು ಕೂಡಿಸಲಾಯಿತು. ಇದು ಪೆಟ್ರೋಲ್ ಎಂಜಿನ್ನಿನ ರೂಪಾಂತರವಲ್ಲ. ಹೊಲದ ಯಂತ್ರ ಮತ್ತು ಕಾರ್ಖಾನೆಗಳ ದುಡಿಮೆಗೆಂದು ಮೊದಲಿನಿಂದಲೂ ಡೀಸೆಲ್ಲಾಗಿಯೇ ರೂಪುಗೊಂಡದ್ದು. ತೂಕ ಸುಮಾರು 500 ಕಿಲೋ, ಅಂದಿನ ಪೆಟ್ರೋಲ್ ಎಂಜಿನ್ನುಗಳ ಹೆಚ್ಚುಕಡಿಮೆ ಇಮ್ಮಡಿ. ಅಶ್ವಶಕ್ತಿ 160 ಮಾತ್ರ. ಆದರೆ ಕಡಿಮೆ ಸುತ್ತಿನಲ್ಲಿಯೇ ಭಾರ ಎಳೆಯುವ ಬಲ ಅಪಾರ. ಟೈಮಿಂಗ್ ಬೆಲ್ಟಿಲ್ಲ, ಹಲ್ಲುಚಕ್ರಗಳೇ ಎಲ್ಲವನ್ನೂ ನಡೆಸುತ್ತವೆ. ಬಿಚ್ಚಿ ರಿಪೇರಿ ಮಾಡದೆ ಹಲವು ಲಕ್ಷ ಕಿಲೋಮೀಟರ್ ಓಡಿದ ಇಂಥ ಎಂಜಿನ್ನುಗಳು ಅಪರೂಪವಲ್ಲ. ತತ್ತ್ವ ಎರಡರಲ್ಲಿಯೂ ಒಂದೇ. ಒಂದರಲ್ಲಿ ಆ ತತ್ತ್ವಕ್ಕೆ ಸಲ್ಲಬೇಕಾದ ಕಬ್ಬಿಣ ಸಂದಿತ್ತು, ಇನ್ನೊಂದರಲ್ಲಿ ಸಂದಿರಲಿಲ್ಲ.

ಹಾಗಾದರೆ ಇಂದು ಗಾಡಿ ಕೊಳ್ಳುವವರಿಗೆ ನಾವು ಏನು ಹೇಳುತ್ತೇವೆ? ನಿತ್ಯ ಭಾರ ಹೊತ್ತು, ದೂರದ ಊರಿಗೆ, ಗಂಟೆಗಟ್ಟಲೆ ಓಡುವ ಗಾಡಿಗೆ ಡೀಸೆಲ್ಲೇ ಸರಿ. ಅಲ್ಲಿ ಅದರ ಆಯುಷ್ಯ ಪೆಟ್ರೋಲಿಗಿಂತ ಹೆಚ್ಚು. ಊರೊಳಗೆ ಮೂರು ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲುವ, ವಾರದಲ್ಲಿ ಎರಡು ದಿನ ಮಾತ್ರ ಹೊರಡುವ ಗಾಡಿಗೆ ಡೀಸೆಲ್ಲಿನ ಹೆಚ್ಚಳ ಸಿಗುವುದಿಲ್ಲ. ಕೆಲವೊಮ್ಮೆ ತೊಂದರೆಯೇ ಆದೀತು. ಏಕೆಂದರೆ ಈಗಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆಹಿಡಿಯುವ ಸೋಸುಕವಿರುತ್ತದೆ. ಗಾಡಿ ಚೆನ್ನಾಗಿ ಕಾದು ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಇಂಜೆಕ್ಟರುಗಳೂ ಅಧಿಕ ಒತ್ತಡದ ಪಂಪೂ ಬಹಳ ಸೂಕ್ಷ್ಮ. ಇಂಧನದಲ್ಲಿ ಸ್ವಲ್ಪ ನೀರೋ ಕಸವೋ ಸೇರಿದರೆ ದುಬಾರಿ ರಿಪೇರಿಗೆ ದಾರಿ. ಡೀಸೆಲ್ ಎಂಜಿನ್ನಿನ ಒಡಲು ಮೊದಲಿನಂತೆಯೇ ಗಟ್ಟಿ, ಅದರ ಸುತ್ತ ಸೇರಿರುವ ಉಪಕರಣಗಳು ಅಷ್ಟು ಗಟ್ಟಿಯಲ್ಲ. ಇತ್ತ ಪೆಟ್ರೋಲ್ ಎಂಜಿನ್ನುಗಳೂ ಒಳ್ಳೆಯ ಲೋಹ, ಒಳ್ಳೆಯ ಆಯಿಲ್, ಹದವರಿತ ಇಂಧನ ಸಿಂಚನದಿಂದಾಗಿ ಹಿಂದಿಗಿಂತ ಬಹಳ ಬಾಳಿಕೆ ಬರುತ್ತಿವೆ, ರಿಪೇರಿಯ ಖರ್ಚೂ ಕಡಿಮೆ. ಯಾವುದೇ ಇರಲಿ, ಆಯಿಲನ್ನೂ ಫಿಲ್ಟರನ್ನೂ ಹೊತ್ತಿಗೆ ಸರಿಯಾಗಿ ಬದಲಿಸದ ಮನೆಯಲ್ಲಿ ಎರಡೂ ಬಾಳುವುದಿಲ್ಲ.

ಇನ್ನು ಡೀಸೆಲ್ ಅವರ ಚರಿತ್ರೆಗೆ ಮರಳೋಣ. 1900ರಲ್ಲಿ ಪ್ಯಾರಿಸಿನಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ ಅವರ ಎಂಜಿನ್ನಿಗೆ ಅತ್ಯುಚ್ಚ ಪ್ರಶಸ್ತಿ ದೊರೆಯಿತು. ಹನ್ನೆರಡರ ವಯಸ್ಸಿನಲ್ಲಿ ತನ್ನನ್ನು ಹೊರದೂಡಿದ ನಗರದಲ್ಲಿ ಈ ಮನ್ನಣೆ! ಅದೇ ಪ್ರದರ್ಶನದಲ್ಲಿ ಓಟೋ ಕಂಪನಿಯು ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿತು. ತನ್ನ ಆಫ್ರಿಕದ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುವ ಶೇಂಗಾವನ್ನು ಇಂಧನವಾಗಿಸಬೇಕೆಂಬುದು ಫ್ರೆಂಚ್ ಸರಕಾರದ ಇಚ್ಛೆಯಾಗಿತ್ತು. ನೋಡಿದ ಬಹುಮಂದಿಗೆ ಇಂಧನ ಬದಲಾದದ್ದು ಗೊತ್ತೇ ಆಗಲಿಲ್ಲ. ಸಸ್ಯದ ಎಣ್ಣೆಗಳು ಮುಂದೊಂದು ದಿನ ಕಲ್ಲೆಣ್ಣೆಯಷ್ಟೇ ಮುಖ್ಯವಾದಾವು ಎಂಬ ಭರವಸೆಯನ್ನು ಡೀಸೆಲ್ ಅವರು 1912ರಲ್ಲಿ ವ್ಯಕ್ತಪಡಿಸಿದರು. ಶೇಂಗಾ ಬೆಳೆದು ಬದುಕುವ ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು. ನಮ್ಮ ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನ್ ನಡೆಸುವ ಪ್ರಯೋಗಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆ.

ಎಂಜಿನ್ ಕಾಲಕ್ರಮೇಣ ಗೆದ್ದಿತು. 1903ರಲ್ಲಿ ನೊಬೆಲರ ವಾಂಡಾಲ್ ನೌಕೆಯು ಡೀಸೆಲ್ ಬಲದಿಂದ ವೋಲ್ಗಾ ನದಿಯ ಮೇಲೆ ಸಾಗಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಹಡಗು ಸಾಗರವನ್ನು ದಾಟಿತು. ಆದರೆ ಅದು ರಸ್ತೆಗೆ ಇಳಿದುದನ್ನು ಡೀಸೆಲ್ ಅವರು ಕಾಣಲಿಲ್ಲ. ಅಂದಿನ ವಿಧಾನದಲ್ಲಿ ಇಂಧನವನ್ನು ಸಿಂಪಡಿಸಲು ಅದುಮಿದ ಗಾಳಿ ಬೇಕು, ಆ ಗಾಳಿಗೆ ಪ್ರತ್ಯೇಕ ಯಂತ್ರ ಬೇಕು. ಅದರ ಭಾರವನ್ನು ಯಾವ ಗಾಡಿಯೂ ಹೊರಲಾರದು. ಡೀಸೆಲ್ ಲಾರಿಗಳು ತಯಾರಾದದ್ದು 1923–24ರಲ್ಲಿ, ಬೆಂಜ್ ಮತ್ತು ಎಂಎಎನ್ ಕಂಪನಿಗಳಲ್ಲಿ. ಅಚ್ಚುಕಟ್ಟಾದ ಸಿಂಚನ ಪಂಪನ್ನು ರಾಬರ್ಟ್ ಬಾಷ್ ಸಂಸ್ಥೆಯು 1927ರಲ್ಲಿ ಹೊರತಂದ ಬಳಿಕವೇ ಸಣ್ಣ ವಾಹನಗಳಿಗೆ ಹಾದಿ ತೆರೆಯಿತು.

ಎಂಜಿನ್ ಗೆಲ್ಲುತ್ತಿದ್ದಂತೆ ಅದರ ಜನಕನು ಸೋಲುತ್ತಿದ್ದರು. ಗಲೀಶಿಯದ ತೈಲಬಾವಿಗಳಲ್ಲಿಯೂ ಮ್ಯೂನಿಕ್ಕಿನ ಜಮೀನುಗಳಲ್ಲಿಯೂ ಹೂಡಿದ ಹಣ ಕರಗಿತು. 1903ರಲ್ಲಿ ಕಾರ್ಮಿಕರ ಸಹಕಾರದ ಮೇಲೆ ನಿಲ್ಲುವ ಸಮಾಜವೊಂದನ್ನು ಕುರಿತು ಅವರು ಬರೆದ ಪುಸ್ತಕವನ್ನು ಓದಿದವರು ತೀರ ಕಡಿಮೆ. ತಾವು ಯಂತ್ರ ಕಂಡುಹಿಡಿದುದಕ್ಕಿಂತ ಈ ಪುಸ್ತಕವೇ ದೊಡ್ಡದೆಂದು ಅವರು ಬಗೆದಿದ್ದರು.

1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನೇರಿದರು. ಇಂಗ್ಲೆಂಡಿನಲ್ಲಿ ಡೀಸೆಲ್ ಎಂಜಿನ್ ತಯಾರಿಸುವ ಕಂಪನಿಯ ಸಭೆಗೆ ಹೋಗಬೇಕಾಗಿತ್ತು. ಜೊತೆಯಲ್ಲಿ ಬೆಲ್ಜಿಯಮ್ಮಿನ ಉದ್ಯಮಿ ಜಾರ್ಜ್ ಕಾರೆಲ್ಸ್ ಮತ್ತು ಎಂಜಿನಿಯರ್ ಲುಕ್‌ಮನ್ ಇದ್ದರು. ಊಟವಾಯಿತು. ರಾತ್ರಿ ಹತ್ತರ ಸುಮಾರಿಗೆ, ಬೆಳಗ್ಗೆ 6.15ಕ್ಕೆ ಎಬ್ಬಿಸುವಂತೆ ತಿಳಿಸಿ ತಮ್ಮ ಕೋಣೆಗೆ ಹೋದರು. ಬೆಳಗ್ಗೆ ಕೋಣೆ ಬರಿದಾಗಿತ್ತು. ಹಾಸಿಗೆ ಮಲಗದೆ ಹಾಗೆಯೇ ಇತ್ತು. ಕೈಗಡಿಯಾರವನ್ನು ಹಾಸಿಗೆಯಿಂದ ಕಾಣುವಂತೆ ಇಡಲಾಗಿತ್ತು. ಅವರ ಟೊಪ್ಪಿಗೆ ಮತ್ತು ಮಡಿಸಿಟ್ಟ ಮೇಲಂಗಿ ಹಡಗಿನ ಹಿಂಭಾಗದ ಕಟಕಟೆಯ ಬಳಿ ದೊರೆತವು. ದಿನಚರಿಯಲ್ಲಿ ಸೆಪ್ಟೆಂಬರ್ 29ರ ದಿನಾಂಕದೊಡನೆ ಒಂದು ಶಿಲುಬೆಯ ಗುರುತಿತ್ತು. ಯುದ್ಧದ ಮೋಡಗಳು ಕವಿಯುತ್ತಿದ್ದ ಕಾಲ. ಗೂಢಚಾರರು ಕೊಂದರೆಂದೂ ತೈಲ ಕಂಪನಿಗಳು ಕೊಲ್ಲಿಸಿದುವೆಂದೂ ಪತ್ರಿಕೆಗಳು ಬರೆದವು. ಯಾವುದಕ್ಕೂ ಸಾಕ್ಷ್ಯ ಸಿಗಲಿಲ್ಲ. ಹೊರಡುವ ಮುನ್ನ ಅವರು ಹೆಂಡತಿಗೆ ಒಪ್ಪಿಸಿದ್ದ ಚೀಲವನ್ನು ತೆರೆದಾಗ 20,000 ಮಾರ್ಕ್ ನಗದೂ, ಬ್ಯಾಂಕಿನ ಖಾತೆಗಳು ಬರಿದಾಗಿವೆಯೆಂದು ತಿಳಿಸುವ ಕಾಗದಗಳೂ ಕಂಡವು.

ಸುಮಾರು ಹತ್ತು ದಿನಗಳ ಬಳಿಕ ಕೋರ್ಟ್‌ಸನ್ ಎಂಬ ಡಚ್ ದೋಣಿಯವರಿಗೆ ಸಮುದ್ರದಲ್ಲಿ ತೇಲುವ ಶವವೊಂದು ಕಾಣಿಸಿತು. ಅದು ಹಡಗಿಗೇರಿಸಲಾಗದಷ್ಟು ಕೆಟ್ಟಿತ್ತು. ನಾವಿಕರು ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ನೀರಿಗೇ ಮರಳಿಸಿದರು. ಅಕ್ಟೋಬರ್ 13ರಂದು ಕಿರಿಯ ಮಗ ಯೂಗನ್ ಮುಂದೆ ಆ ವಸ್ತುಗಳನ್ನು ಇರಿಸಲಾಯಿತು: ಮಾತ್ರೆಯ ಡಬ್ಬಿ, ಹಣದ ಚೀಲ, ಗುರುತಿನ ಚೀಟಿ, ಚಿಕ್ಕ ಚೂರಿ, ಕನ್ನಡಕದ ಪೆಟ್ಟಿಗೆ. ಇವು ತನ್ನ ತಂದೆಯವೇ ಎಂದು ಅವನು ಗುರುತಿಸಿದನು.